‘ನೋವೇ ಇಲ್ಲ’ ಎನ್ನಬೇಡಿ, ಎಂಥ ನೋವೆಂದು ಹೇಳಿ

ಮಾನ್ಯ ಸಂಪಾದಕರೇ,

ಕಿವಿ, ಮೂಗು, ಹುಬ್ಬು, ತುಟಿ, ನಾಲಿಗೆ, ಹೊಕ್ಕುಳು ಹೀಗೆ ದೇಹದ ಯಾವುದಾದರೊಂದು ಭಾಗವನ್ನು ಚುಚ್ಚಿಸಿಕೊಂಡು ಆಭರಣ ತೊಡಬಯಸುವವರಿಗಾಗಿ ಬರುವ ಜಾಹೀರಾತುಗಳಲ್ಲಿ ‘ಸ್ವಲ್ಪವೂ ನೋವಿಲ್ಲ’ ಎಂಬ ಮಾತು ತಪ್ಪದೆ ಕಾಣಿಸುತ್ತದೆ. ಗಾಯಗಳಿಗೆ ಪಟ್ಟಿ ಕಟ್ಟುವ ಕೋಣೆಯಲ್ಲಿ 29 ವರ್ಷ ಕೆಲಸ ಮಾಡಿ ನಿವೃತ್ತಳಾದ ಶುಶ್ರೂಷಕಿ ನಾನು. ಚುಚ್ಚಿಸಿಕೊಂಡ ಜಾಗ ಊದಿಕೊಂಡು, ಕೀವು ತುಂಬಿ, ಆಭರಣದ ತಿರುಪು ಚರ್ಮದೊಳಗೆ ಹೂತುಹೋಗಿ ಬಂದವರನ್ನು ನಾನು ಕೈಯಾರೆ ಆರೈಕೆ ಮಾಡಿದ್ದೇನೆ. ಅವರಲ್ಲಿ ಬಹುಪಾಲು ಜನ ಮೊದಲು ಹೇಳುತ್ತಿದ್ದ ಮಾತು, ‘ನೋವಾಗುವುದಿಲ್ಲ ಎಂದಿದ್ದರು’ ಎಂಬುದೇ. ಆ ಭರವಸೆ ಸುಳ್ಳು ಎಂಬುದಷ್ಟೇ ನನ್ನ ದೂರಲ್ಲ. ಆ ಭರವಸೆಯೇ ನೋವನ್ನು ಹೆಚ್ಚಿಸುತ್ತದೆ, ಮತ್ತು ಅದನ್ನು ಉಳಿಸಿಕೊಳ್ಳುವುದಕ್ಕಾಗಿ ಮಾಡುವ ಕೆಲವು ಉಪಾಯಗಳು ಚುಚ್ಚುವುದಕ್ಕಿಂತ ಹೆಚ್ಚು ಅಪಾಯಕಾರಿ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗಳು 19ನೆಯ ವಯಸ್ಸಿನಲ್ಲಿ ಕಿವಿಯ ಮೇಲಂಚನ್ನು ಚುಚ್ಚಿಸಿಕೊಳ್ಳಬೇಕೆಂದಾಗ ಜೊತೆಗೆ ಹೋದವಳು ನಾನೇ. ಚುಚ್ಚುವವರು ಅವಳ ಮುಖವನ್ನೂ ಸರಿಯಾಗಿ ನೋಡದೆ, ‘ಇರುವೆ ಕಚ್ಚಿದ ಹಾಗೆ, ಗೊತ್ತೇ ಆಗುವುದಿಲ್ಲ’ ಎಂದು ಹೇಳಿ ಓಲೆಯ ಕಡ್ಡಿಯನ್ನು ಚುಚ್ಚುವ ಗನ್ ಒತ್ತಿದರು. ಸದ್ದಿಗೂ ನೋವಿಗೂ ಒಟ್ಟಿಗೇ ಬೆಚ್ಚಿಬಿದ್ದ ಹುಡುಗಿ ತಲೆಯನ್ನು ಎಳೆದುಕೊಂಡಳು, ಕಡ್ಡಿ ಓರೆಯಾಗಿ ಕೂತಿತು. ಮನೆಗೆ ಬಂದ ಮೇಲೆ ಅವಳು ಅತ್ತದ್ದು ನೋವು ತಡೆಯಲಾರದೆ ಎಂದು ನಾನು ಮೊದಲು ಭಾವಿಸಿದ್ದೆ. ‘ಇಷ್ಟು ನೋವಾಗಬಾರದಿತ್ತಲ್ಲ ದೊಡ್ಡಮ್ಮ, ನನ್ನ ಕಿವಿಗೆ ಏನೋ ಆಗಿಹೋಗಿದೆ’ ಎಂದು ಅವಳು ಹೇಳಿದಾಗ ನನಗೆ ವಿಷಯ ಅರ್ಥವಾಯಿತು. ನೋವೇ ಇರುವುದಿಲ್ಲ ಎಂದು ನಂಬಿಸಿದ್ದರಿಂದ, ಆದ ಸಹಜವಾದ ನೋವು ಅವಳಿಗೆ ಅನಾಹುತದ ಸೂಚನೆಯಂತೆ ಕಂಡಿತ್ತು. ಆ ಭಯದಲ್ಲಿ ನಿದ್ದೆ ಕೆಟ್ಟು, ನಿದ್ದೆಗೆಟ್ಟದ್ದರಿಂದ ನೋವು ಇನ್ನಷ್ಟು ತೀವ್ರವಾಗಿತ್ತು.

ಎರಡು ವರ್ಷಗಳ ನಂತರ ಅವಳೇ ಇನ್ನೊಂದು ಕಿವಿಯ ಮೇಲಂಚನ್ನು ಬೇರೆಯವರ ಬಳಿ ಚುಚ್ಚಿಸಿಕೊಂಡಳು. ಆ ಮಹಿಳೆ ಕೆಲಸ ಆರಂಭಿಸುವ ಮೊದಲು ಅವಳನ್ನು ಎದುರಿಗೆ ಕೂರಿಸಿಕೊಂಡು, ಸೂಜಿ ಹೋಗುವ ಒಂದೆರಡು ಕ್ಷಣ ಚುರುಕಾದ ನೋವಾಗುತ್ತದೆ, ಆಭರಣ ಕೂರಿಸುವಾಗ ಎಳೆದಂತಾಗುತ್ತದೆ, ಆಮೇಲೆ ಕಿವಿ ಬಿಸಿಯೇರಿ ಸಂಜೆಯವರೆಗೆ ಮಿಡಿಯುತ್ತದೆ, ಕೆಲವು ವಾರ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ ಎಂದು ಒಂದೊಂದಾಗಿ ಹೇಳಿದರು. ‘ನಿಲ್ಲಿಸಿ ಎಂದರೆ ನಿಲ್ಲಿಸುತ್ತೇನೆ’ ಎಂದೂ ಹೇಳಿದರು. ಈ ಸಲ ನೋವಾಗಲಿಲ್ಲವೇ ಎಂದು ನಾನು ಕೇಳಿದ್ದಕ್ಕೆ ಹುಡುಗಿ ಕೊಟ್ಟ ಉತ್ತರ ನನ್ನ ಮನಸ್ಸಿನಲ್ಲಿ ಉಳಿದಿದೆ: ‘ಆಯಿತು ದೊಡ್ಡಮ್ಮ, ಅವರು ಹೇಳಿದಷ್ಟೇ ಆಯಿತು.’

ಆ ಮಹಿಳೆ ಹೇಳಿದ ಕ್ರಮಕ್ಕೆ ಶರೀರಶಾಸ್ತ್ರದ ಆಧಾರವಿದೆ. ಚರ್ಮದಿಂದ ನೋವಿನ ಸುದ್ದಿಯನ್ನು ಒಯ್ಯುವ ನರತಂತುಗಳಲ್ಲಿ ಎರಡು ಬಗೆ. ತೆಳುವಾದ ಹೊದಿಕೆಯುಳ್ಳ ‘ಎ ಡೆಲ್ಟಾ’ ತಂತುಗಳು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಮುಟ್ಟಿಸುತ್ತವೆ. ಸೂಜಿ ಹೊಕ್ಕ ಕ್ಷಣದ ಚುರುಕ್ ಎನ್ನುವ ನೋವು ಅವುಗಳದ್ದು. ಹೊದಿಕೆಯಿಲ್ಲದ ‘ಸಿ’ ತಂತುಗಳು ಸೆಕೆಂಡಿಗೆ ಸುಮಾರು 2 ಮೀಟರಿಗಿಂತ ನಿಧಾನ. ಹಿಂದಿನಿಂದ ಬರುವ ಉರಿ, ಮಿಡಿತ, ಭಾರ ಅವುಗಳ ಮೂಲಕ ಬರುತ್ತದೆ. ಮೊದಲನೆಯದು ಉಸಿರು ಬಿಡುವಷ್ಟರಲ್ಲಿ ಮುಗಿಯುತ್ತದೆ. ಎರಡನೆಯದು ಗಾಯದ ಊತದೊಂದಿಗೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಇರುತ್ತದೆ. ಜನರು ಹೆದರುವುದು ಮೊದಲನೆಯದಕ್ಕೆ, ಕಷ್ಟಪಡುವುದು ಎರಡನೆಯದರಿಂದ. ಮುಲಾಮು, ಮಂಜುಗಡ್ಡೆ, ಗನ್ನಿನ ವೇಗ ಮುಂತಾದ ಎಲ್ಲ ಉಪಾಯಗಳೂ ಮೊದಲ ನೋವಿನ ಮೇಲೆಯೇ ಕಣ್ಣಿಟ್ಟಿರುವುದರಿಂದ, ಎರಡನೆಯದನ್ನು ಹೇಗೆ ನಿಭಾಯಿಸಬೇಕೆಂದು ಯಾರೂ ಹೇಳಿಕೊಡುವುದಿಲ್ಲ.

ಯಾವ ಜಾಗಕ್ಕೆ ಎಷ್ಟು ನೋವು ಎಂದು ಹತ್ತರಲ್ಲಿ ಅಂಕ ಕೊಟ್ಟ ಪಟ್ಟಿಗಳನ್ನು ಬಹಳ ಜನ ಓದಿಕೊಂಡು ಬರುತ್ತಾರೆ. ಅವುಗಳನ್ನು ಅಕ್ಷರಶಃ ನಂಬಬಾರದು, ಏಕೆಂದರೆ ಒಬ್ಬರ ಮೂರು ಇನ್ನೊಬ್ಬರ ಏಳಾಗಿರಬಹುದು. ಸ್ಥೂಲವಾಗಿ ಹೇಳುವುದಾದರೆ, ಮೃದ್ವಸ್ಥಿ (ಬಾಗುವ ಮೆತ್ತನೆಯ ಎಲುಬು) ಇಲ್ಲದ ಕಿವಿಯ ಹಾಲೆ ಸುಲಭ. ಕಿವಿಯ ಮೇಲ್ಭಾಗದ ಮೃದ್ವಸ್ಥಿ ಒತ್ತಡದಿಂದ ಕೂಡಿದ ನೋವು ಕೊಡುತ್ತದೆ ಮತ್ತು ಆ ನೋವು ಹೆಚ್ಚು ದಿನ ಉಳಿಯುತ್ತದೆ. ಮೂಗಿನ ಹೊಳ್ಳೆ ಚುಚ್ಚಿದಾಗ ಅಳು ಬಾರದಿದ್ದರೂ ಕಣ್ಣಲ್ಲಿ ನೀರು ಬರುತ್ತದೆ, ಅದು ಮುಖದ ನರದ ಸಹಜ ಪ್ರತಿಕ್ರಿಯೆಯೇ ಹೊರತು ದೌರ್ಬಲ್ಯದ ಗುರುತಲ್ಲ. ಮೊಲೆತೊಟ್ಟು ಮತ್ತು ಗುಪ್ತಾಂಗಗಳಲ್ಲಿ ನರಗಳು ದಟ್ಟವಾಗಿರುವುದರಿಂದ ಅಲ್ಲಿ ನೋವು ತೀವ್ರ. ಮೂಗಿನ ನಡುಗೋಡೆಯಲ್ಲಿ ಮೃದ್ವಸ್ಥಿಯ ಮುಂದೆ ತೆಳುವಾದ ಪೊರೆಯಿರುವ ಜಾಗವೊಂದಿದೆ. ಬಲ್ಲವರು ಅದನ್ನು ಬೆರಳಿನಿಂದ ಹುಡುಕಿ ಅಲ್ಲೇ ಚುಚ್ಚುತ್ತಾರೆ, ಅರಿಯದವರು ಮೃದ್ವಸ್ಥಿಗೇ ಹೊಡೆಯುತ್ತಾರೆ. ಒಂದೇ ಮೂಗು, ನೋವು ಎರಡು ಥರ. ಎಲ್ಲಿ ಚುಚ್ಚಿಸಿಕೊಳ್ಳುವುದು ಎಂಬುದಕ್ಕಿಂತ ಯಾರ ಕೈಯಲ್ಲಿ ಎಂಬುದು ನೋವನ್ನು ಹೆಚ್ಚು ನಿರ್ಧರಿಸುತ್ತದೆ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಕೈಯೆಂದಾಗ ಸಾಧನದ ಮಾತೂ ಬರುತ್ತದೆ. ಚುಚ್ಚಲು ಬಳಸುವ ಟೊಳ್ಳು ಸೂಜಿ ಹರಿತವಾಗಿರುತ್ತದೆ, ಒಬ್ಬರಿಗೆ ಒಮ್ಮೆ ಬಳಸಿ ಬಿಸಾಡುವಂಥದ್ದು. ಆಭರಣದ ದಪ್ಪಕ್ಕೆ ತಕ್ಕ ಸೂಜಿಯನ್ನು ಗೇಜ್ ಎಂಬ ಅಳತೆಯಲ್ಲಿ ಆರಿಸುತ್ತಾರೆ: 18 ಗೇಜ್ ಎಂದರೆ ಸುಮಾರು 1 ಮಿಲಿಮೀಟರ್, 16 ಗೇಜ್ ಸುಮಾರು 1.2, 14 ಗೇಜ್ ಸುಮಾರು 1.6. ಗನ್ ಎಂದು ಕರೆಯುವ ಸಾಧನದಲ್ಲಿ ಸ್ಪ್ರಿಂಗಿನ ಬಲದಿಂದ ಓಲೆಯ ಕಡ್ಡಿಯೇ ಮಾಂಸದೊಳಗೆ ನುಗ್ಗುತ್ತದೆ. ಆ ಕಡ್ಡಿ ಸೂಜಿಯಷ್ಟು ಹರಿತವಲ್ಲ. ಹಾಲೆಯ ಮಟ್ಟಿಗೆ ಆ ಕ್ಷಣದಲ್ಲಿ ಅನೇಕರಿಗೆ ಹೆಚ್ಚಿನ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ತೊಂದರೆ ಶುರುವಾಗುವುದು ಮರುದಿನ. ಗನ್ನಿನ ಕಡ್ಡಿಯ ಉದ್ದ ಸಾಮಾನ್ಯವಾಗಿ ಎಲ್ಲರಿಗೂ ಒಂದೇ. ಹಿಂದಿನ ಬಿಲ್ಲೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಗಾಯ ಊದಿಕೊಂಡಾಗ ಊತಕ್ಕೆ ಜಾಗವಿಲ್ಲದೆ ಚರ್ಮ ಎರಡೂ ಕಡೆಯಿಂದ ಹಿಂಡಿಹೋಗುತ್ತದೆ. ನನ್ನ ಮೇಜಿಗೆ ಬರುತ್ತಿದ್ದ ಹೂತುಹೋದ ತಿರುಪುಗಳ ಕಥೆ ಹೆಚ್ಚಾಗಿ ಇದೇ ಆಗಿತ್ತು. ಇದರ ಮೇಲೆ, ಪದೇ ಪದೇ ಬಳಸುವ ಪ್ಲಾಸ್ಟಿಕ್ ಗನ್ನನ್ನು 121 ಡಿಗ್ರಿ ಹಬೆಯಲ್ಲಿ ಒತ್ತಡದಡಿ ಕ್ರಿಮಿಶುದ್ಧಿ ಮಾಡುವ ಆಟೊಕ್ಲೇವ್‌ಗೆ ಹಾಕಲಾಗುವುದಿಲ್ಲ, ಒರೆಸಿ ಇಡುತ್ತಾರಷ್ಟೆ. 1994ರಲ್ಲಿ ಆರಂಭವಾದ ‘ಅಸೋಸಿಯೇಷನ್ ಆಫ್ ಪ್ರೊಫೆಷನಲ್ ಪಿಯರ್ಸರ್ಸ್’ ಎಂಬ ವೃತ್ತಿಪರರ ಸಂಘಟನೆ ಇಂಥ ಗನ್ನುಗಳನ್ನು ವಿರೋಧಿಸುತ್ತದೆ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಕ್ಕೀಡುಮಾಡಿರುವ ವಿಷಯಕ್ಕೆ ಬರುತ್ತೇನೆ. ಅದು ಚರ್ಮವನ್ನು ಮರಗಟ್ಟಿಸುವ ಮುಲಾಮು. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಲಿಡೊಕೇನ್; 1943ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ನಿಲ್ಸ್ ಲಾಫ್‌ಗ್ರೆನ್ ತಯಾರಿಸಿದ, ದಂತವೈದ್ಯರಿಂದ ಹಿಡಿದು ಶಸ್ತ್ರವೈದ್ಯರವರೆಗೆ ಎಲ್ಲರೂ ಬಳಸುವ ಉತ್ತಮ ಔಷಧ. ಲಿಡೊಕೇನ್ ಮತ್ತು ಅದೇ ಬಗೆಯ ಇನ್ನೊಂದು ಔಷಧವಾದ ಪ್ರಿಲೊಕೇನ್ ತಲಾ ಶೇ 2.5ರಂತೆ ಬೆರೆತ ಮುಲಾಮನ್ನು ಆಸ್ಪತ್ರೆಗಳಲ್ಲಿ ನಾವೂ ಬಳಸಿದ್ದೇವೆ. ಅದು ಕೆಲಸ ಮಾಡಬೇಕಾದರೆ ಹಚ್ಚಿ, ಮೇಲೆ ಗಾಳಿಯಾಡದ ಪಟ್ಟಿ ಅಂಟಿಸಿ, ಕನಿಷ್ಠ ಒಂದು ಗಂಟೆ ಕಾಯಬೇಕು. ಅಷ್ಟು ಕಾದರೂ ಅದರ ಪರಿಣಾಮ ಇಳಿಯುವುದು ಸುಮಾರು 3 ಮಿಲಿಮೀಟರ್ ಆಳಕ್ಕೆ, ಎರಡು ಗಂಟೆ ಬಿಟ್ಟರೆ ಸುಮಾರು 5 ಮಿಲಿಮೀಟರ್. ಕುರ್ಚಿಯಲ್ಲಿ ಕೂರಿಸಿ ಐದು ನಿಮಿಷ ಹಚ್ಚಿ ಒರೆಸುವುದರಿಂದ ಗ್ರಾಹಕರಿಗೆ ಸಮಾಧಾನ ಸಿಗಬಹುದು, ನರಕ್ಕೆ ಏನೂ ತಿಳಿದಿರುವುದಿಲ್ಲ. ಸರಿಯಾಗಿ ಹಚ್ಚಿದಾಗಲೂ ಮೇಲಿನ ಚರ್ಮ ಮರಗಟ್ಟುತ್ತದೆಯೇ ಹೊರತು ಮೃದ್ವಸ್ಥಿಯ ಮೇಲೆ ಬೀಳುವ ಒತ್ತಡ ತಿಳಿದೇ ತಿಳಿಯುತ್ತದೆ. ಜೊತೆಗೆ ಮುಲಾಮಿನಿಂದ ಚರ್ಮ ಬಿಳಿಚಿಕೊಂಡು ಕೊಂಚ ಉಬ್ಬುವುದುಂಟು. ಜಿಡ್ಡು ಉಳಿದರೆ ಹಿಡಿತ ಜಾರುತ್ತದೆ. ಗುರುತು ಮಾಡಿದ ಚುಕ್ಕೆ ಅಳಿಸುತ್ತದೆ. ಒಳಕಿವಿಯತ್ತ ಇಳಿಯುವಂತೆಯೂ, ಹುಬ್ಬಿನಿಂದ ಕಣ್ಣಿಗೆ ಸೋರುವಂತೆಯೂ ಅದನ್ನು ಹಚ್ಚಲೇಬಾರದು.

ಮುಲಾಮು ಹೆಚ್ಚು ಹಚ್ಚಿದಷ್ಟೂ ನೋವು ಕಡಿಮೆ ಎಂಬ ನಂಬಿಕೆ ಪ್ರಾಣಕ್ಕೇ ಎರವಾಗಬಲ್ಲದು. ಚರ್ಮದ ಮೂಲಕ ರಕ್ತಕ್ಕೆ ಸೇರುವ ಲಿಡೊಕೇನ್ ಮಿತಿ ಮೀರಿದರೆ ಮೊದಲು ತುಟಿಯ ಸುತ್ತ ಜುಮ್ಮೆನ್ನುತ್ತದೆ, ಕಿವಿಯಲ್ಲಿ ಗುಂಯ್‌ಗುಟ್ಟುತ್ತದೆ, ತಲೆ ತಿರುಗುತ್ತದೆ. ನಂತರ ಸೆಳವು ಬರಬಹುದು, ಹೃದಯದ ಬಡಿತ ತಪ್ಪಬಹುದು. 2007ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಲೇಸರ್‌ನಿಂದ ಕೂದಲು ತೆಗೆಸಿಕೊಳ್ಳುವ ಮೊದಲು ಪ್ರಬಲವಾದ ಮರಗಟ್ಟಿಸುವ ಮುಲಾಮನ್ನು ಕಾಲುಗಳಿಗೆ ಹಚ್ಚಿ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡಿದ್ದ 22 ಮತ್ತು 25 ವರ್ಷದ ಇಬ್ಬರು ಯುವತಿಯರು ಸೆಳವು ಬಂದು, ಕೋಮಾಕ್ಕೆ ಜಾರಿ ತೀರಿಕೊಂಡದ್ದನ್ನು ಉಲ್ಲೇಖಿಸಿ ಸಾರ್ವಜನಿಕರನ್ನು ಎಚ್ಚರಿಸಿತು. 2024ರ ಮಾರ್ಚ್‌ನಲ್ಲಿ ಅದೇ ಸಂಸ್ಥೆ ಮತ್ತೊಮ್ಮೆ, ಹಚ್ಚೆ ಮತ್ತು ಚುಚ್ಚುವಿಕೆಯನ್ನು ಹೆಸರಿಸಿಯೇ, ವೈದ್ಯರ ಚೀಟಿಯಿಲ್ಲದೆ ಮಾರಬಹುದಾದ ಶೇ 4ರ ಮಿತಿಗಿಂತ ಹೆಚ್ಚು ಲಿಡೊಕೇನ್ ಇರುವ ಮುಲಾಮುಗಳನ್ನು ಬಳಸಬೇಡಿರೆಂದು ಹೇಳಿತು. ಕಿವಿಯ ಹಾಲೆಯ ಮೇಲಿನ ಒಂದು ಚುಕ್ಕೆ ಜಾಗಕ್ಕೂ ಇಡೀ ಕಾಲಿಗೂ ಬಹಳ ವ್ಯತ್ಯಾಸವಿದೆ, ನಿಜ. ಆದರೆ ಲೇಬಲ್ಲಿನ ಮೇಲೆ ಪ್ರಮಾಣವೇ ಇಲ್ಲದ ಕೊಳವೆಯೊಂದನ್ನು ತರಿಸಿಕೊಂಡು, ಹೊಟ್ಟೆಯ ಅರ್ಧಭಾಗಕ್ಕೆ ಬಳಿದು, ಆಹಾರ ಮುಚ್ಚುವ ಪ್ಲಾಸ್ಟಿಕ್ ಸುತ್ತಿಕೊಂಡು ಬರುವವರಿಗೆ ಆ ವ್ಯತ್ಯಾಸ ಉಳಿಯುವುದಿಲ್ಲ. ಗೀರು, ಹುಣ್ಣು ಇರುವ ಚರ್ಮದ ಮೇಲೆ ಹಚ್ಚಿದರೆ ಔಷಧ ಇನ್ನೂ ಬೇಗ ರಕ್ತಕ್ಕಿಳಿಯುತ್ತದೆ. ಎಳೆಗೂಸುಗಳಲ್ಲಿ ಪ್ರಿಲೊಕೇನ್ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಗ್ಗಿಸಬಹುದು. ಮಗುವಿಗೆ ಹಚ್ಚುವ ಯೋಚನೆಯಿದ್ದರೆ ಮೊದಲು ವೈದ್ಯರನ್ನು ಕೇಳಲೇಬೇಕು.

ಮಂಜುಗಡ್ಡೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅದು ಚರ್ಮವನ್ನು ಗಟ್ಟಿಮಾಡುತ್ತದೆ, ಗಟ್ಟಿಯಾದ ಚರ್ಮದಲ್ಲಿ ಸೂಜಿ ಸಲೀಸಾಗಿ ಹೋಗುವುದಿಲ್ಲ, ಗುರುತು ತಪ್ಪುತ್ತದೆ. ಮರಗಟ್ಟಿಸುವ ಚುಚ್ಚುಮದ್ದು ವೈದ್ಯರ ಕೆಲಸ. ಅದು ತಾನೇ ಒಂದು ಸೂಜಿಯ ನೋವು, ಮೇಲಾಗಿ ಔಷಧದ ದ್ರವದಿಂದ ಆ ಜಾಗ ಉಬ್ಬಿ ಆಕಾರ ಬದಲಾಗುವುದರಿಂದ ರಂಧ್ರ ಎಲ್ಲಿ ಬೀಳಬೇಕೆಂಬ ಅಂದಾಜೇ ಕೆಡುತ್ತದೆ.

ನೋವಿನ ಮಾತ್ರೆಗಳಲ್ಲಿ ವಿವೇಚನೆ ಬೇಕು. ಆಸ್ಪಿರಿನ್ ನುಂಗಿ ಹೋಗುವುದು ತಪ್ಪು ಲೆಕ್ಕ, ಏಕೆಂದರೆ ಅದು ರಕ್ತ ಹೆಪ್ಪುಗಟ್ಟಿಸುವ ಕಿರುತಟ್ಟೆಗಳನ್ನು (ಪ್ಲೇಟ್‌ಲೆಟ್) ಅವುಗಳ ಆಯುಷ್ಯವಿಡೀ, ಅಂದರೆ 7ರಿಂದ 10 ದಿನ, ನಿಷ್ಕ್ರಿಯಗೊಳಿಸುತ್ತದೆ. ರಕ್ತ ಹೆಚ್ಚು ಸೋರುತ್ತದೆ, ಸೋರಿದ ರಕ್ತ ಚರ್ಮದಡಿ ಕಟ್ಟಿಕೊಂಡು ಊತವನ್ನೂ ನೋವನ್ನೂ ಹೆಚ್ಚಿಸುತ್ತದೆ. ಆದರೆ ಹೃದಯದ ಕಾಯಿಲೆಗೆಂದು ವೈದ್ಯರು ಕೊಟ್ಟ ಆಸ್ಪಿರಿನ್ನನ್ನು ಒಂದು ಆಭರಣಕ್ಕಾಗಿ ಯಾರೂ ತಾವಾಗಿಯೇ ನಿಲ್ಲಿಸಬಾರದು. ವೈದ್ಯರನ್ನು ಕೇಳಬೇಕು, ಅವರು ಬೇಡವೆಂದರೆ ಆಭರಣವನ್ನೇ ಬಿಡಬೇಕು. ಪ್ಯಾರಸಿಟಮಾಲ್ ರಕ್ತಸ್ರಾವವನ್ನು ಹೆಚ್ಚಿಸುವುದಿಲ್ಲ. ಅದು ಒಗ್ಗುವ ವಯಸ್ಕರು ಮಿಡಿಯುವ ನೋವಿಗೆ ಅದನ್ನು ತೆಗೆದುಕೊಳ್ಳಬಹುದು, ದಿನವೊಂದಕ್ಕೆ 4 ಗ್ರಾಂ ಮೀರಕೂಡದು, ಯಕೃತ್ತಿನ ತೊಂದರೆಯಿದ್ದವರಿಗೆ ಅಷ್ಟೂ ಸಲ್ಲದು. ಧೈರ್ಯಕ್ಕೆಂದು ಮದ್ಯ ಸೇವಿಸಿ ಬಂದವರಿಗೆ ಚುಚ್ಚಲು ನಿರಾಕರಿಸುವವರೇ ಒಳ್ಳೆಯ ಚುಚ್ಚುವವರು. ಅಮಲಿನಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ, ಸೂಜಿಯ ಎದುರು ಅಲುಗಾಡದೆ ಕೂರುವುದೂ ಅವರಿಂದಾಗದು.

ನೋವಿಗಿಂತ ಹೆಚ್ಚಾಗಿ ಜನರನ್ನು ಕೆಡವುವುದು ಬವಳಿ. ಈ ಮಾತನ್ನು ಕೊಂಚ ಬಿಡಿಸಿ ಹೇಳಲು ಅವಕಾಶ ಕೊಡಿ, ಏಕೆಂದರೆ ಸೂಜಿ ಕಂಡು ಕುಸಿದವರನ್ನು ಹೇಡಿಗಳೆಂದು ನಕ್ಕದ್ದನ್ನು ನಾನು ಬಹಳ ಸಲ ನೋಡಿ ನೊಂದಿದ್ದೇನೆ. ಸೂಜಿ, ರಕ್ತ, ಗಾಯ ಕಂಡಾಗ ಕೆಲವರ ದೇಹದಲ್ಲಿ ಹೃದಯದ ಬಡಿತ ಮೊದಲು ಏರಿ, ಆಮೇಲೆ ತಟ್ಟನೆ ಇಳಿಯುತ್ತದೆ. ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಕುಸಿಯುತ್ತದೆ. ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಟ್ಟು ಬೀಳುತ್ತಾರೆ. ಇದು ಮನಸ್ಸಿನ ಬಲಾಬಲದ ಪ್ರಶ್ನೆಯಲ್ಲ, ನರಮಂಡಲದ ಒಂದು ಪ್ರತಿಕ್ರಿಯೆ. ಗಟ್ಟಿಮುಟ್ಟಾದ ಆಳುಗಳೂ ಬೀಳುತ್ತಾರೆ. ಬೆವರು, ಆಕಳಿಕೆ, ವಾಕರಿಕೆ, ಮುಖ ಬಿಳಿಚಿಕೊಳ್ಳುವುದು, ಮಾತು ದೂರದಿಂದ ಕೇಳಿಸಿದಂತಾಗುವುದು ಇವು ಮುನ್ಸೂಚನೆಗಳು. ಹಿಂದೆ ಎಂದಾದರೂ ರಕ್ತ ಪರೀಕ್ಷೆಯಲ್ಲೋ ಲಸಿಕೆಯಲ್ಲೋ ಬವಳಿ ಬಂದಿದ್ದವರು ನಾಚಿಕೆಪಡದೆ ಮೊದಲೇ ಹೇಳಿಬಿಡಬೇಕು, ಮತ್ತು ಕುಳಿತಲ್ಲ, ಮಲಗಿಕೊಂಡೇ ಚುಚ್ಚಿಸಿಕೊಳ್ಳಬೇಕು. ಹೊಟ್ಟೆ ಖಾಲಿಯಿಟ್ಟು ಬರಬಾರದು. ಒಂದೆರಡು ಗಂಟೆ ಮೊದಲು ಊಟ ಮಾಡಿ, ನೀರು ಕುಡಿದು, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಬಂದರೆ ಅರ್ಧ ತೊಂದರೆ ನೀಗುತ್ತದೆ.

ಇಂಥವರಿಗೆ ‘ಮೈ ಸಡಿಲ ಬಿಡಿ’ ಎಂಬ ಸಲಹೆ ತಿರುಗುಬಾಣವಾಗಬಹುದು ಎಂಬುದನ್ನು ನಾನು ಕೆಲಸಕ್ಕೆ ಸೇರಿದ ಎಷ್ಟೋ ವರ್ಷಗಳ ನಂತರ ಕಲಿತೆ. ಅವರಿಗೆ ಬೇಕಾದದ್ದು ಸ್ನಾಯುಗಳ ಬಿಗಿತ: ತೋಳು, ಹೊಟ್ಟೆ, ತೊಡೆಗಳನ್ನು 10ರಿಂದ 15 ಸೆಕೆಂಡು, ಮುಖಕ್ಕೆ ಬಿಸಿ ಏರುವವರೆಗೆ ಬಿಗಿಹಿಡಿದು, ಸಹಜ ಸ್ಥಿತಿಗೆ ಬಿಟ್ಟು, ಅರ್ಧ ನಿಮಿಷ ಕಳೆದು ಮತ್ತೆ ಬಿಗಿಹಿಡಿಯಬೇಕು, ಹೀಗೆ ನಾಲ್ಕೈದು ಸಲ. ಇದರಿಂದ ರಕ್ತದೊತ್ತಡ ಬೀಳದೆ ನಿಲ್ಲುತ್ತದೆ. ಆದರೆ ಚುಚ್ಚುವ ಭಾಗವನ್ನು ಬಿಗಿಮಾಡಬಾರದು. ಮನೆಯಲ್ಲೇ ಕೆಲವು ದಿನ ಅಭ್ಯಾಸ ಮಾಡಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಬವಳಿಯ ಸ್ವಭಾವ ಇಲ್ಲದವರಿಗೆ ಉಸಿರೇ ದೊಡ್ಡ ಆಸರೆ. ಮೂಗಿನಿಂದ ನಿಧಾನವಾಗಿ ಎಳೆದುಕೊಂಡು, ಅದಕ್ಕಿಂತ ನಿಧಾನವಾಗಿ ಬಾಯಿಂದ ಬಿಡಬೇಕು. ಅನುಭವವುಳ್ಳವರು ಉಸಿರು ಹೊರಗೆ ಹೋಗುತ್ತಿರುವಾಗಲೇ ಸೂಜಿ ದಾಟಿಸುತ್ತಾರೆ. ಉಸಿರು ಬಿಗಿಹಿಡಿದವರ ಹೆಗಲು ಏರುತ್ತದೆ, ಕುತ್ತಿಗೆ ಸೆಟೆಯುತ್ತದೆ, ಅದರ ಜೊತೆಗೆ ಎಲ್ಲವೂ ಕಠಿಣವಾಗುತ್ತದೆ. ರಕ್ತ ತೆಗೆಯುವಾಗ ಕೆಮ್ಮಿಸುವ ಉಪಾಯವನ್ನು ಕೆಲವೆಡೆ ಬಳಸುತ್ತಾರೆ. ಚುಚ್ಚುವಾಗ ಅದು ಬೇಡ, ಒಂದು ಮಿಲಿಮೀಟರ್ ಅಲುಗಿದರೂ ರಂಧ್ರ ಓರೆಯಾಗುತ್ತದೆ. ಜೊತೆಗೆ ಬಂದವರ ಕೈ ಹಿಡಿದುಕೊಳ್ಳುವುದು, ಬೆರಳುಗಳಿಂದ ಅಂಗೈಯನ್ನು ಉಜ್ಜುತ್ತಿರುವುದು, ಯಾವುದಾದರೂ ವಿಷಯ ಮಾತಾಡುತ್ತಿರುವುದು ಸಣ್ಣ ಸಂಗತಿಗಳೆನಿಸಿದರೂ ಕೆಲಸ ಮಾಡುತ್ತವೆ. ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಒಂದು ಬಾಗಿಲು ದಾಟಿ ಮೇಲೇರುತ್ತದೆ, ಸ್ಪರ್ಶ ಮತ್ತು ಗಮನ ಆ ಬಾಗಿಲನ್ನು ಅರೆ ಮುಚ್ಚಬಲ್ಲವು ಎಂಬ ಸಿದ್ಧಾಂತವನ್ನು ಮೆಲ್‌ಝಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲಿ ಮುಂದಿಟ್ಟರು. ಅದರ ವಿವರಗಳನ್ನು ನಂತರದವರು ತಿದ್ದಿದ್ದಾರೆ, ಆದರೆ ಪೆಟ್ಟಾದ ಮೊಣಕಾಲನ್ನು ನಾವೆಲ್ಲ ಏಕೆ ಉಜ್ಜಿಕೊಳ್ಳುತ್ತೇವೆ ಎಂಬುದಕ್ಕೆ ಅದು ಇಂದಿಗೂ ಒಳ್ಳೆಯ ವಿವರಣೆ. ಹಾಗೆಂದು ಚುಚ್ಚಿದ ಜಾಗವನ್ನೇ ಉಜ್ಜಬಾರದು.

ಮಕ್ಕಳ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ರುಚಿಸದಿರಬಹುದು. ನಾಲ್ಕೈದು ವರ್ಷದ ಮಗುವನ್ನು ‘ಏನೂ ಆಗುವುದಿಲ್ಲ’ ಎಂದು ಪುಸಲಾಯಿಸಿ ಕೂರಿಸಿ, ಒಂದು ಕಿವಿ ಚುಚ್ಚಿದ ಮೇಲೆ ಅದು ಚೀರಿ ಎರಡನೆಯದಕ್ಕೆ ಒಡ್ಡದಿದ್ದಾಗ, ಮೂವರು ಹಿಡಿದು ಚುಚ್ಚಿಸುವುದನ್ನು ನಾನು ಕಂಡಿದ್ದೇನೆ. ಆ ಮಗು ಮುಂದೆ ಲಸಿಕೆಗೆ ಬಂದಾಗ ನಮ್ಮ ಕೋಣೆಯ ಬಾಗಿಲಲ್ಲೇ ನಡುಗುತ್ತಿತ್ತು. ಮಗುವಿಗೂ ನಿಜ ಹೇಳಬಹುದು: ‘ಚುರುಕ್ ಎನ್ನುತ್ತದೆ, ನೀನು ಹತ್ತು ಎಣಿಸುವುದರೊಳಗೆ ಕಡಿಮೆಯಾಗುತ್ತದೆ, ನಾನು ಇಲ್ಲೇ ಇರುತ್ತೇನೆ.’ ಬೇಡವೆಂದರೆ ಎದ್ದು ಬರಬೇಕು. ಇದು ಚಿಕಿತ್ಸೆಯಲ್ಲ, ಕಾಯಬಹುದಾದ ಅಲಂಕಾರ. ಸಾಧ್ಯವಿದ್ದಲ್ಲಿ ಇಬ್ಬರು ಸೇರಿ ಎರಡೂ ಕಿವಿಯನ್ನು ಒಂದೇ ಸಲಕ್ಕೆ ಚುಚ್ಚಿದರೆ ಎರಡನೆಯ ಕಿವಿಯ ಭಯಕ್ಕೆ ಆಸ್ಪದವಿರುವುದಿಲ್ಲ.

ಇನ್ನು ಆ ಎರಡನೆಯ ನೋವಿನ, ಅಂದರೆ ನಂತರದ ದಿನಗಳ ಮಾತು. ಕಿವಿಯ ಹಾಲೆ ಮಾಯಲು 6ರಿಂದ 8 ವಾರ ಬೇಕು. ಮೂಗಿನ ಹೊಳ್ಳೆಗೆ 4ರಿಂದ 6 ತಿಂಗಳು. ಕಿವಿಯ ಮೃದ್ವಸ್ಥಿಗೂ ಹೊಕ್ಕುಳಿಗೂ 6 ತಿಂಗಳಿಂದ ಒಂದು ವರ್ಷದವರೆಗೆ. ಅಷ್ಟು ಕಾಲವೂ ಅದು ಗಾಯವೇ ಎಂದು ತಿಳಿದಿದ್ದವರಿಗೆ, ಮೂರನೆಯ ತಿಂಗಳು ದಿಂಬಿಗೆ ಒತ್ತಿದಾಗ ಆಗುವ ನೋವು ದಿಗಿಲು ಹುಟ್ಟಿಸುವುದಿಲ್ಲ. ಮೊದಲ ಆಭರಣದ ಕಡ್ಡಿ ಊತಕ್ಕೆ ಎಡೆ ಕೊಡುವಷ್ಟು ಉದ್ದವಿರಬೇಕು, ಊತ ಇಳಿದ ಮೇಲೆ ಚಿಕ್ಕದಕ್ಕೆ ಬದಲಾಯಿಸಿಕೊಳ್ಳಬೇಕು. ಉದ್ದದ ಕಡ್ಡಿಯನ್ನೇ ಬಿಟ್ಟರೆ ಅದು ಕೂದಲಿಗೂ ಬಟ್ಟೆಗೂ ಸಿಕ್ಕಿ ಎಳೆಯುತ್ತದೆ. ನಾಲಿಗೆಯಲ್ಲಂತೂ ಊತ ಮೂರರಿಂದ ಐದನೆಯ ದಿನದ ಹೊತ್ತಿಗೆ ಅತಿ ಹೆಚ್ಚಾಗಿರುತ್ತದೆ. ದೇಹದೊಳಗೆ ಅಳವಡಿಸಲು ಯೋಗ್ಯವಾದ ದರ್ಜೆಯ ಟೈಟೇನಿಯಂ ಉತ್ತಮ. ಅಗ್ಗದ ಲೋಹಗಳಲ್ಲಿರುವ ನಿಕಲ್ ಒಗ್ಗದವರಿಗೆ ತುರಿಕೆ, ರಸಿಕೆ, ಉರಿ ನಿಲ್ಲುವುದೇ ಇಲ್ಲ, ಅದನ್ನು ಅವರು ಚುಚ್ಚಿದ ನೋವೆಂದೇ ತಿಳಿದಿರುತ್ತಾರೆ.

ಶುಚಿಗೊಳಿಸಲು ಶೇ 0.9ರ ಕ್ರಿಮಿರಹಿತ ಸಲೈನ್ ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಮೊದಲಾದವು ಹೊಸದಾಗಿ ಬೆಳೆಯುವ ಅಂಗಾಂಶವನ್ನೂ ಸುಡುತ್ತವೆ. ಅಂಟಿಕೊಳ್ಳದಿರಲೆಂದು ದಿನವೂ ಓಲೆಯನ್ನು ತಿರುಗಿಸಬೇಕೆಂಬ ಹಳೆಯ ಸಲಹೆಯನ್ನು ನಾನೂ ಕೆಲಸದ ಮೊದಲ ವರ್ಷಗಳಲ್ಲಿ ಎಷ್ಟೋ ಜನರಿಗೆ ಕೊಟ್ಟಿದ್ದೆ, ಅದು ತಪ್ಪಾಗಿತ್ತು. ತಿರುಗಿಸಿದಾಗಲೆಲ್ಲ ಒಣಗಿದ ಹಕ್ಕಳೆ ಒಳಗಿನ ಎಳೆಯ ಚರ್ಮವನ್ನು ಹರಿಯುತ್ತದೆ. ಕೈ ತೊಳೆಯದೆ ಮುಟ್ಟಬಾರದು, ತೊಳೆದರೂ ಸುಮ್ಮಸುಮ್ಮನೆ ಮುಟ್ಟಬಾರದು.

ದಿನೇ ದಿನೇ ಇಳಿಯುವ ನೋವು ಸಹಜ. ಇಳಿದು ಮತ್ತೆ ಏರುವ ನೋವು, ಹಬ್ಬುವ ಕೆಂಪು, ಜ್ವರ, ದಟ್ಟವಾದ ಹಳದಿ ಅಥವಾ ಹಸಿರು ಕೀವು ಇವು ಸಹಜವಲ್ಲ, ಅವುಗಳನ್ನು ಮಾತ್ರೆಯಿಂದ ಅಡಗಿಸಬಾರದು. ಕಿವಿಯ ಮೇಲ್ಭಾಗದಲ್ಲಿ ಇಂಥದ್ದು ಕಂಡರೆ ಅಂದೇ ವೈದ್ಯರ ಬಳಿ ಹೋಗಬೇಕು. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಮೇಲಿನ ಪೊರೆಯಿಂದಲೇ ಪೋಷಣೆ ಬರಬೇಕು. ನಡುವೆ ಕೀವು ಸೇರಿದರೆ ಅದು ಸತ್ತು ಕಿವಿಯ ಆಕಾರವೇ ಕುಸಿಯುತ್ತದೆ. 2000ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಒಂದೇ ಕಡೆ ಕಿವಿಯ ಮೇಲ್ಭಾಗ ಚುಚ್ಚಿಸಿಕೊಂಡ ಹಲವು ಎಳೆಯರಿಗೆ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ತಗುಲಿ, ಕೆಲವರು ಶಸ್ತ್ರಚಿಕಿತ್ಸೆಗೆ ಒಳಗಾಗಿ, ಕಿವಿಯ ಅಂದ ಕಳೆದುಕೊಂಡರು. ಮೂಲ ಹುಡುಕಿದಾಗ ಸಿಕ್ಕಿದ್ದು ಶುಚಿಗೊಳಿಸಲೆಂದು ಬಳಸುತ್ತಿದ್ದ ದ್ರವದ ಬಾಟಲಿಯೇ. ಸೋಂಕು ಕಂಡ ಕೂಡಲೇ ಹೆದರಿ ಆಭರಣವನ್ನು ತಾವೇ ಕಿತ್ತುಹಾಕುವುದೂ ಸರಿಯಲ್ಲ, ರಂಧ್ರ ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದು. ಇಡಬೇಕೋ ತೆಗೆಯಬೇಕೋ ಎಂಬುದನ್ನು ನೋಡಿದ ವೈದ್ಯರು ಹೇಳಲಿ.

ಚುಚ್ಚುವ ವೃತ್ತಿಯಲ್ಲಿರುವವರಲ್ಲಿ ನನ್ನ ಕೋರಿಕೆ ಸರಳವಾದದ್ದು. ಎಂಥ ನೋವು, ಎಷ್ಟು ಹೊತ್ತು, ಎಷ್ಟು ವಾರ ಎಂಬ ಮೂರು ಸಂಗತಿಗಳನ್ನು ಕೈಗವಸು ತೊಡುವ ಮೊದಲೇ ಹೇಳಿ. ಹೇಳಿದ ಮೇಲೆ ಎದ್ದು ಹೋಗುವವರನ್ನು ತಡೆಯಬೇಡಿ. ತಮ್ಮಲ್ಲಿಯೂ ಒಂದು ಕೋರಿಕೆಯಿದೆ, ಸಂಪಾದಕರೇ. ‘ನೋವಿಲ್ಲದೆ ಚುಚ್ಚಲಾಗುವುದು’ ಎಂಬ ಜಾಹೀರಾತು ತಮ್ಮ ಕಚೇರಿಗೆ ಬಂದಾಗ, ಅದು ಹೇಗೆ ಸಾಧ್ಯ, ಯಾವ ಮುಲಾಮು, ಶೇಕಡಾ ಎಷ್ಟು ಎಂದು ಕೊಟ್ಟವರನ್ನು ಒಮ್ಮೆ ಕೇಳಿ, ಉತ್ತರ ಸಿಗುವವರೆಗೆ ಆ ಒಂದು ಪದವನ್ನು ಅಚ್ಚಿಗೆ ಕಳುಹಿಸದೆ ತಡೆಹಿಡಿಯಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶುಶ್ರೂಷಕಿ